ಪ್ರೋಟಾನ್ ತೂಕ 938, ಮೂರು ಕ್ವಾರ್ಕ್ ಕೂಡಿಸಿದರೆ 9. ಉಳಿದದ್ದು ಎಲ್ಲಿ?

ಶಿರಸಿ_ಬಿಎಸ್ಸಿ · ಶನಿವಾರ ರಾತ್ರಿ 8:52

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಕೊನೆಯ ವರ್ಷ, ಫಿಸಿಕ್ಸ್. ಒಂದು ಲೆಕ್ಕ ಕೂಡುತ್ತಿಲ್ಲ.

ಪ್ರೋಟಾನ್ ಅಂದರೆ ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್ (ಕ್ವಾರ್ಕ್ ಅಂದರೆ ಪ್ರೋಟಾನ್, ನ್ಯೂಟ್ರಾನ್ ಒಳಗಿನ ಮೂಲ ಕಣ). ಚಾರ್ಜ್ ಸರಿಯಾಗಿ ಬರುತ್ತದೆ: 2/3 + 2/3 − 1/3 = 1. ನ್ಯೂಟ್ರಾನ್‌ಗೆ ಒಂದು ಅಪ್, ಎರಡು ಡೌನ್, ಮೊತ್ತ ಸೊನ್ನೆ. ಇಲ್ಲಿವರೆಗೆ ತಕರಾರಿಲ್ಲ. ಈಗ ತೂಕ ನೋಡಿ. ಅಪ್ ಸುಮಾರು 2.2 ಎಂಇವಿ (ಕಣಗಳ ತೂಕ, ಶಕ್ತಿ ಎರಡನ್ನೂ ಅಳೆಯುವ ಘಟಕ), ಡೌನ್ ಸುಮಾರು 4.7 ಎಂಇವಿ. ಮೂರೂ ಸೇರಿ 9 ಚಿಲ್ಲರೆ. ಪ್ರೋಟಾನ್ ಮಾತ್ರ 938.

ಕ್ಲಾಸಿನಲ್ಲಿ ಕೇಳಿದೆ. "ಬೈಂಡಿಂಗ್ ಎನರ್ಜಿ" ಅಂತ ಹೇಳಿ ಮುಂದಿನ ಪಾಠಕ್ಕೆ ಹೋದರು. ಆದರೆ ಬೈಂಡಿಂಗ್ ಎನರ್ಜಿ (ಕೂಡಿದ ಕಣಗಳನ್ನು ಬಿಡಿಸಲು ಬೇಕಾದ ಶಕ್ತಿ) ತೂಕ ಇಳಿಸಬೇಕಲ್ವಾ? ಡ್ಯೂಟೆರಾನ್ ತೂಕ ಬಿಡಿ ಪ್ರೋಟಾನ್, ಬಿಡಿ ನ್ಯೂಟ್ರಾನ್ ಸೇರಿದ್ದಕ್ಕಿಂತ 2.2 ಎಂಇವಿ ಕಡಿಮೆ ಅಂತ ಅದೇ ನೋಟ್ಸಿನಲ್ಲಿದೆ. ಇಲ್ಲಿ ನೋಡಿದರೆ ನೂರು ಪಟ್ಟು ಏರಿದೆ. ಯಾರಾದರೂ ಬಿಡಿಸಿ ಹೇಳಿ. ಸಂಜೆಯಿಂದ ಕರೆಂಟ್ ಬಂದು ಹೋಗಿ ಮಾಡ್ತಿದೆ, ಉತ್ತರ ತಡವಾದರೆ ಬೇಜಾರಾಗಬೇಡಿ.

ಗೋಕರ್ಣ_ಗಾಳಿ · ರಾತ್ರಿ 9:03

ಬಾಕಿ 929 ಎಂಇವಿ ನುಂಗಿದ ಕಂಟ್ರಾಕ್ಟರ್ ಯಾರು ಅಂತ ಮೊದಲು ಪತ್ತೆ ಮಾಡಿ 😀

ಕೋಡಿಬಾಗ · ರಾತ್ರಿ 9:41

ಒಳ್ಳೆಯ ಪ್ರಶ್ನೆ. ಹೆಚ್ಚಿನವರು ಚಾರ್ಜ್ ಕೂಡಿತು ಅಂತ ಖುಷಿಯಾಗಿ ಪುಸ್ತಕ ಮುಚ್ಚುತ್ತಾರೆ.

ಮೊದಲು ಬೈಂಡಿಂಗ್ ಎನರ್ಜಿ ವಿಚಾರ. ಡ್ಯೂಟೆರಾನ್ ಒಡೆದರೆ ಪ್ರೋಟಾನ್ ಒಂದು ಕಡೆ, ನ್ಯೂಟ್ರಾನ್ ಒಂದು ಕಡೆ ಸಿಗುತ್ತವೆ. ಎರಡನ್ನೂ ಬೇರೆ ಬೇರೆ ತೂಗಿ "ಇಷ್ಟು ಇಳಿಯಿತು" ಅನ್ನಬಹುದು. ಕ್ವಾರ್ಕ್‌ನಲ್ಲಿ ಈ ಆಟ ನಡೆಯುವುದಿಲ್ಲ. ಪ್ರೋಟಾನ್‌ನಿಂದ ಒಂದು ಕ್ವಾರ್ಕ್ ಹೊರಗೆ ತೆಗೆದು ಒಂಟಿಯಾಗಿ ತೂಗಿದವರು ಯಾರೂ ಇಲ್ಲ. ತೆಗೆಯಲು ಆಗುವುದೇ ಇಲ್ಲ. ಹಾಗಾಗಿ ಎಷ್ಟು ಇಳಿಯಿತು ಅಂತ ಅಳೆಯಲು ಶುರುವಿನ ಗೆರೆಯೇ ಇಲ್ಲ. ಬೈಂಡಿಂಗ್ ಎನರ್ಜಿ ಅನ್ನುವ ಉತ್ತರ ಇಲ್ಲಿ ಹೊಂದುವುದಿಲ್ಲ.

ಈಗ ಪೆನ್ನು ತಗೋ. ಪ್ರೋಟಾನ್ ತ್ರಿಜ್ಯ ಸುಮಾರು 0.84 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಅಂದರೆ 10ರ ಘಾತ −15 ಮೀಟರ್). ಒಂದು ಕಣವನ್ನು ಅಷ್ಟು ಚಿಕ್ಕ ಜಾಗದಲ್ಲಿ ಕೂಡಿಹಾಕಿದರೆ ಹೈಸೆನ್‌ಬರ್ಗ್ ಸುಮ್ನೆ ಕೂರಲು ಬಿಡುವುದಿಲ್ಲ, ಜಾಗ ಚಿಕ್ಕದಾದಷ್ಟೂ ಓಟ ಜಾಸ್ತಿ ಅನ್ನುವುದು ಅವನ ನಿಯಮ. ಎಷ್ಟು ಓಡುತ್ತದೆ? 197ನ್ನು 0.84ರಿಂದ ಭಾಗಿಸು (197 ಅಂದರೆ ಹೆಚ್-ಬಾರ್ ಗುಣಿಸು ಸಿ, ಎಂಇವಿ-ಫೆಮ್ಟೋಮೀಟರ್ ಲೆಕ್ಕದಲ್ಲಿ). ಸುಮಾರು 235 ಎಂಇವಿ ಬರುತ್ತದೆ. ಕ್ವಾರ್ಕ್‌ನ ಸ್ವಂತ ತೂಕ ಎರಡೋ ಐದೋ ಎಂಇವಿ. ಅಂದರೆ ಅದು ಹೆಚ್ಚು ಕಡಿಮೆ ಬೆಳಕಿನ ವೇಗದಲ್ಲೇ ಓಡುತ್ತಿದೆ, ಅದರ ಶಕ್ತಿ ಎಲ್ಲಾ ಓಟದ ಶಕ್ತಿ. ಮೂರಕ್ಕೆ ಸೇರಿ 700 ಆಯಿತು. ಇದು ಲಕೋಟೆ ಹಿಂದೆ ಗೀಚುವ ಲೆಕ್ಕ, ದಶಾಂಶ ಬಿಂದು ಹಿಡಿದು ಜಗಳಕ್ಕೆ ಬರಬೇಡಿ. ಆದರೆ ನೂರಾರು ಎಂಇವಿ ಎಲ್ಲಿಂದ ಬರುತ್ತದೆ ಅನ್ನುವುದು ಇಲ್ಲೇ ಕಾಣುತ್ತದೆ. ಇದರ ಜೊತೆ ಅವುಗಳನ್ನು ಹಿಡಿದಿಟ್ಟ ಗ್ಲುವಾನ್ (ಕ್ವಾರ್ಕ್ ನಡುವಿನ ಬಲ ಹೊರುವ ಕಣ) ಕ್ಷೇತ್ರದ ಶಕ್ತಿಯೂ ಇದೆ.

ತೂಕ ಅಂದರೆ ಒಳಗಿರುವ ಸಾಮಾನಿನ ತೂಕಗಳ ಮೊತ್ತ ಅಂತ ನಾವು ಅಂದುಕೊಂಡಿದ್ದೇವೆ. ನಿಂತ ಪ್ರೋಟಾನ್‌ನ ತೂಕ ಅಂದರೆ ಅದರೊಳಗಿನ ಒಟ್ಟು ಶಕ್ತಿಯನ್ನು ಸಿ ವರ್ಗದಿಂದ ಭಾಗಿಸಿದ್ದು. ಅಷ್ಟೇ.

ಮಲ್ಲಾಪುರದವ · ರಾತ್ರಿ 10:15

ನಾನು ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತ. ಥಿಯರಿ ಓದಿ ಬಹಳ ಕಾಲವಾಯಿತು. ಪ್ರದರ್ಶನ ನೋಡಲು ಬರುವ ಮಕ್ಕಳು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತಿದ್ದರು: "ಅಂಕಲ್, ಇಲ್ಲಿ ಕ್ವಾರ್ಕ್ ಒಡೀತೀರಾ?" ಇಲ್ಲ ಅಂತ ಹೇಳುತ್ತಿದ್ದೆ. ಆಮೇಲೆ "ಹಾಗಾದ್ರೆ ಯಾವ ಬಲದಿಂದ ಕರೆಂಟ್ ಬರುತ್ತೆ?" ಅಂದರೆ ಸ್ಟ್ರಾಂಗ್ ಫೋರ್ಸ್ ಅನ್ನುತ್ತಿದ್ದೆ. ಈ ಥ್ರೆಡ್ ಓದಿ ಸ್ವಲ್ಪ ಅನುಮಾನ ಬಂತು. ನ್ಯೂಕ್ಲಿಯಸ್ ಹಿಡಿದಿಟ್ಟ ಬಲ, ಕ್ವಾರ್ಕ್ ಹಿಡಿದಿಟ್ಟ ಬಲ, ಎರಡೂ ಒಂದೇನಾ?

ನೋಡದವರಿಗಾಗಿ ಹೇಳುತ್ತೇನೆ. ಇಂಧನದ ಬಂಡಲ್ ಅಂದರೆ ಅರ್ಧ ಮೀಟರ್ ಉದ್ದದ್ದು. 19 ಸಣ್ಣ ಕೊಳವೆಗಳನ್ನು ಕಟ್ಟಿ ಎರಡೂ ತುದಿಗೆ ತಟ್ಟೆ ಬೆಸೆದಿರುತ್ತಾರೆ. ಕೊಳವೆಯೊಳಗೆ ಯುರೇನಿಯಂ ಆಕ್ಸೈಡ್‌ನ ಕಪ್ಪು ಗುಳಿಗೆಗಳು. ಪ್ರದರ್ಶನಕ್ಕೆ ಇಡುವುದು ಡಮ್ಮಿ, ಮುಟ್ಟಬಹುದು. ಒಂದು ರಿಯಾಕ್ಟರಿಗೆ 306 ಚಾನೆಲ್, ಚಾನೆಲ್‌ಗೆ 12 ಬಂಡಲ್. ಓಡುತ್ತಿರುವಾಗಲೇ ಹಳೆಯದನ್ನು ತೆಗೆದು ಹೊಸದು ತಳ್ಳುತ್ತಾರೆ. ಹಾಗಾಗಿಯೇ ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿದ್ದು. ಆಗ ಅದು ವಿಶ್ವದಾಖಲೆ. ಇದನ್ನು ಹೇಳದೆ ನನಗೆ ಆಗುವುದಿಲ್ಲ, ಕ್ಷಮಿಸಿ.

ಕೋಡಿಬಾಗ · ರಾತ್ರಿ 10:58

ಹೇಳಲೇಬೇಕು ಸರ್, ಕ್ಷಮೆ ಯಾಕೆ.

ಎರಡರ ಮೂಲ ಒಂದೇ, ಆದರೆ ಎರಡೂ ಒಂದೇ ಅಲ್ಲ. ನ್ಯೂಕ್ಲಿಯಸ್ ಹಿಡಿದಿಡುವುದು ಕ್ವಾರ್ಕ್ ಬಲದ ಸೋರಿಕೆ. ಪ್ರೋಟಾನ್ ಹೊರಗಿನಿಂದ ನೋಡಿದರೆ "ಬಣ್ಣ" ಇಲ್ಲದ ಕಣ. (ಬಣ್ಣ ಅಂದರೆ ಇಲ್ಲಿ ಕಣ್ಣಿಗೆ ಕಾಣುವ ಬಣ್ಣ ಅಲ್ಲ, ಚಾರ್ಜ್ ತರಹದ ಒಂದು ಗುಣ. ಮೂರು ಬಗೆ.) ಹಾಗಿದ್ದರೂ ಎರಡು ಪ್ರೋಟಾನ್ ತೀರಾ ಹತ್ತಿರ ಬಂದಾಗ ಒಳಗಿನ ಬಲದ ಒಂದು ಚೂರು ಹೊರಗೂ ತಟ್ಟುತ್ತದೆ. 1935ರಲ್ಲಿ ಯುಕಾವಾ ಇದನ್ನು ಬೇರೆ ದಾರಿಯಿಂದ ಊಹಿಸಿದ್ದ. ಕ್ವಾರ್ಕ್ ಅನ್ನುವ ಕಲ್ಪನೆಯೇ ಆಗ ಇರಲಿಲ್ಲ. ಬಲದ ವ್ಯಾಪ್ತಿ ಇಷ್ಟು ಚಿಕ್ಕದಾಗಿದ್ದರೆ ಅದನ್ನು ಹೊತ್ತೊಯ್ಯುವ ಕಣಕ್ಕೆ ಇಷ್ಟು ತೂಕ ಇರಬೇಕು ಅಂದ. 1947ರಲ್ಲಿ ಪೈಯಾನ್ ಸಿಕ್ಕಿತು, ಸುಮಾರು 140 ಎಂಇವಿ. ಅದೂ ಒಂದು ಕ್ವಾರ್ಕ್, ಒಂದು ಆಂಟಿಕ್ವಾರ್ಕ್ (ಅದೇ ತೂಕ, ಚಾರ್ಜ್ ಮಾತ್ರ ಉಲ್ಟಾ) ಸೇರಿ ಆದದ್ದು ಅಂತ ಗೊತ್ತಾಗಿದ್ದು ಆಮೇಲೆ.

ಈಗ ಕರೆಂಟ್. ಇದನ್ನು ಕೇಳಿದರೆ ಕೆಲವರಿಗೆ ನಿರಾಸೆ ಆಗಬಹುದು. ಯುರೇನಿಯಂ ನ್ಯೂಕ್ಲಿಯಸ್ ತ್ರಿಜ್ಯ 7 ಫೆಮ್ಟೋಮೀಟರ್ ಮೇಲೆ. ಆ ಸೋರಿಕೆ ಬಲ ಒಂದೆರಡು ಫೆಮ್ಟೋಮೀಟರ್ ದಾಟುವುದಿಲ್ಲ, ಅಕ್ಕಪಕ್ಕದವರನ್ನು ಮಾತ್ರ ಹಿಡಿಯುತ್ತದೆ. ಆದರೆ 92 ಪ್ರೋಟಾನ್‌ಗಳೂ ಒಂದನ್ನೊಂದು ವಿದ್ಯುತ್ತಿನಿಂದ ತಳ್ಳುತ್ತಲೇ ಇರುತ್ತವೆ, ದೂರ ಇದ್ದರೂ ಬಿಡುವುದಿಲ್ಲ. ನ್ಯೂಟ್ರಾನ್ ಬಡಿದು ನ್ಯೂಕ್ಲಿಯಸ್ ಉದ್ದವಾಗಿ ನಡು ಕಿರಿದಾದರೆ ಹಿಡಿತ ತಪ್ಪುತ್ತದೆ. ಎರಡು ಚೂರುಗಳು ವಿದ್ಯುತ್ ತಳ್ಳಾಟದಿಂದ ಸಿಡಿಯುತ್ತವೆ. ಒಂದು ಸೀಳಿಗೆ ಸಿಗುವ ಸುಮಾರು 200 ಎಂಇವಿಯಲ್ಲಿ 170ರ ಹತ್ತಿರ ಈ ಚೂರುಗಳ ಓಟವೇ. ಅಂದರೆ ಸ್ಟ್ರಾಂಗ್ ಫೋರ್ಸ್ ಇಲ್ಲಿ ಬಾಗಿಲು ಹಿಡಿದು ನಿಂತದ್ದು, ನುಗ್ಗಿದ್ದು ವಿದ್ಯುತ್ ಬಲ. ಮಕ್ಕಳಿಗೆ ಅರ್ಧ ಸತ್ಯ ಹೇಳಿದ್ದೀರಿ, ಚಿಂತೆ ಇಲ್ಲ, ಪುಸ್ತಕಗಳೂ ಅಷ್ಟೇ ಹೇಳುತ್ತವೆ.

ಇನ್ನೊಂದು ಅಳತೆ. ಯುರೇನಿಯಂ-235ರ ಒಟ್ಟು ತೂಕಕ್ಕೆ ಹೋಲಿಸಿದರೆ ಆ 200 ಎಂಇವಿ ಸಾವಿರದಲ್ಲಿ ಒಂದು ಪಾಲು. ತೂಕದ ದೊಡ್ಡ ಗಂಟು ಪ್ರೋಟಾನ್, ನ್ಯೂಟ್ರಾನ್ ಒಳಗೇ ಕೂತಿದೆ. ಅದನ್ನು ಕೈಗಾ ಮುಟ್ಟುವುದೇ ಇಲ್ಲ.

ಮಲ್ಲಾಪುರದವ · ರಾತ್ರಿ 11:20

ಓಹೋ. ಹಾಗಾದರೆ ಕ್ವಾರ್ಕ್ ನಮ್ಮಲ್ಲಿ ಏನೂ ಕೆಲಸ ಮಾಡುವುದಿಲ್ಲ ಅಂತಾಯ್ತು.

ಯಲ್ಲಾಪುರ_ಟು_ಮುಂಬೈ · ರಾತ್ರಿ 11:34

ಮಾಡುತ್ತದೆ ಸರ್. ರಿಯಾಕ್ಟರ್ ಬಂದ್ ಮಾಡಿದ ಮೇಲೂ ಪಂಪ್ ಓಡಿಸುತ್ತೀರಲ್ಲ, ಅದು ಯಾಕೆ?

ಮಲ್ಲಾಪುರದವ · ರಾತ್ರಿ 11:40

ಡಿಕೇ ಹೀಟ್. ಬಂದ್ ಮಾಡಿದ ಕೂಡಲೇ ಆರೇಳು ಶೇಕಡಾ ಶಾಖ ಉಳಿದಿರುತ್ತದೆ. ಒಂದು ದಿನ ಕಳೆದರೆ ಅರ್ಧ ಶೇಕಡಾ ಆಸುಪಾಸು. ತಂಪು ಮಾಡುವುದು ನಿಲ್ಲಿಸುವಂತಿಲ್ಲ. ಫುಕುಶಿಮಾದಲ್ಲಿ ಆಗಿದ್ದು ಅದೇ.

ಯಲ್ಲಾಪುರ_ಟು_ಮುಂಬೈ · ರಾತ್ರಿ 11:52

ಅದೇ. ಸೀಳಿದ ಚೂರುಗಳಲ್ಲಿ ನ್ಯೂಟ್ರಾನ್ ಜಾಸ್ತಿ. ಒಂದೊಂದಾಗಿ ನ್ಯೂಟ್ರಾನ್ ಪ್ರೋಟಾನ್ ಆಗುತ್ತಾ ಹೋಗುತ್ತದೆ, ಬೀಟಾ ಕ್ಷಯ. ಒಳಗೆ ನಡೆಯುವುದು ಒಂದು ಡೌನ್ ಕ್ವಾರ್ಕ್ ಅಪ್ ಕ್ವಾರ್ಕ್ ಆಗುವುದು. ಇದು ವೀಕ್ ಫೋರ್ಸ್ ಕೆಲಸ, ಅದಕ್ಕೇ ನಿಧಾನ. ನೀವು ರಾತ್ರಿಯಿಡೀ ಪಂಪ್ ಕಾದದ್ದು ಡೌನ್ ಕ್ವಾರ್ಕ್‌ಗಳು ಬದಲಾಗಿ ಮುಗಿಯಲಿ ಅಂತ.

ಮಲ್ಲಾಪುರದವ · ರಾತ್ರಿ 11:55

ಇದನ್ನು ಸರ್ವಿಸ್‌ನಲ್ಲಿ ಇದ್ದಾಗ ಯಾರಾದರೂ ಹೇಳಿದ್ದರೆ ನೈಟ್ ಶಿಫ್ಟ್ ಸ್ವಲ್ಪ ಚೆನ್ನಾಗಿ ಕಳೆಯುತ್ತಿತ್ತು.

ಹೊನ್ನಾವರ_ಬಂದರು · ಭಾನುವಾರ ಬೆಳಿಗ್ಗೆ 7:30

ಎಲ್ಲಾ ಓದಿದೆ. ನನ್ನದು ನೇರ ತಕರಾರು. ಕ್ವಾರ್ಕ್ ಒಂಟಿಯಾಗಿ ಸಿಗುವುದಿಲ್ಲ ಅಂತ ನೀವೇ ಹೇಳುತ್ತೀರಿ. ಸಿಗದೇ ಇರುವುದನ್ನು ಇದೆ ಅಂತ ಒಪ್ಪುವುದು ಹೇಗೆ? 2/3 ಚಾರ್ಜ್ ಅಂತೀರಿ, ಅದನ್ನೂ ಯಾರೂ ಕಂಡಿಲ್ಲ. ಲೆಕ್ಕ ಕೂಡಲಿ ಅಂತ ಕಟ್ಟಿದ ಕಥೆ ಇರಬಹುದಲ್ವಾ?

ಯಲ್ಲಾಪುರ_ಟು_ಮುಂಬೈ · ಬೆಳಿಗ್ಗೆ 10:05

ನೀವು ಕೇಳಿದ್ದನ್ನೇ 1964ರಲ್ಲಿ ದೊಡ್ಡ ದೊಡ್ಡವರೂ ಕೇಳಿದ್ದರು. ಆ ವರ್ಷ ಮರ್ರಿ ಗೆಲ್‌ಮನ್, ಜಾರ್ಜ್ ಜ್ವೈಗ್ ಇಬ್ಬರೂ ಬೇರೆ ಬೇರೆಯಾಗಿ ಈ ಕಲ್ಪನೆ ಮುಂದಿಟ್ಟರು. ಗೆಲ್‌ಮನ್‌ಗೇ ಇವು ನಿಜವಾದ ಕಣಗಳೋ ಬರೀ ಗಣಿತವೋ ಅನ್ನುವುದರಲ್ಲಿ ಬಹಳ ಕಾಲ ಹಿಂಜರಿಕೆ ಇತ್ತು. ಹಾಗಾಗಿ ಅನುಮಾನ ಪಡುವುದು ತಪ್ಪೇನಲ್ಲ.

ಮೊದಲು ಒಂದು ಲೆಕ್ಕ, ಶಿರಸಿ ಹುಡುಗನೂ ಮಾಡಲಿ. ಸ್ಪಿನ್ (ಕಣದ ಹುಟ್ಟುಗುಣವಾದ ಒಂದು ಬಗೆಯ ಸುತ್ತುವಿಕೆ) 3/2 ಇರುವ ಕಣಗಳ ಒಂದು ಕುಟುಂಬ ಇದೆ. ಡೆಲ್ಟಾ: 1232 ಎಂಇವಿ. ಸಿಗ್ಮಾ-ಸ್ಟಾರ್: 1385. ಕ್ಸೈ-ಸ್ಟಾರ್: 1533. ಮೆಟ್ಟಿಲು ನೋಡಿ, 153, 148. ಕುಟುಂಬದ ನಕ್ಷೆ ತ್ರಿಕೋನದ ಹಾಗಿದೆ, ಒಂದು ತುದಿ ಖಾಲಿ. ಅಲ್ಲಿ ಇನ್ನೊಂದು ಕಣ ಇರಬೇಕು, ಚಾರ್ಜ್ −1, ತೂಕ 1680 ಹತ್ತಿರ ಅಂತ ಗೆಲ್‌ಮನ್ 1962ರಲ್ಲೇ ಹೇಳಿದ್ದ. 1964ರ ಆರಂಭದಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಬಬಲ್ ಚೇಂಬರ್ (ಕಣ ಹಾದ ದಾರಿ ಗುಳ್ಳೆಗಳ ಗೆರೆಯಾಗಿ ಕಾಣುವ ಪೆಟ್ಟಿಗೆ) ಫೋಟೋಗಳನ್ನು ಒಂದೊಂದಾಗಿ ಶೋಧಿಸುವಾಗ ಅದು ಸಿಕ್ಕಿತು. ಕಣದ ಹೆಸರು ಒಮೆಗಾ-ಮೈನಸ್, ಫೋಟೋದಲ್ಲಿ ಅದು ಎಳೆದ ಗೆರೆ ತೀರಾ ಗಿಡ್ಡ. ಅದರಿಂದ ಹುಟ್ಟಿದ ಕಣಗಳ ಗೆರೆಗಳನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ, ಮಧ್ಯೆ ಚಾರ್ಜ್ ಇಲ್ಲದ ಕಣಗಳು ಗೆರೆ ಇಲ್ಲದೇ ಹಾದುಹೋದ ಖಾಲಿ ಜಾಗವನ್ನು ಲೆಕ್ಕದಿಂದ ತುಂಬಿ, ಕೊನೆಗೆ ಒಮೆಗಾ-ಮೈನಸ್ ಅಂತ ತೀರ್ಮಾನಿಸಿದರು. ಈಗ ಅಳೆದ ತೂಕ 1672. ಪ್ರತಿ ಮೆಟ್ಟಿಲಿಗೆ ಒಂದು ಹಗುರ ಕ್ವಾರ್ಕ್ ತೆಗೆದು ಒಂದು ಸ್ಟ್ರೇಂಜ್ ಕ್ವಾರ್ಕ್ (ಅಪ್, ಡೌನ್‌ಗಿಂತ ಭಾರದ ಇನ್ನೊಂದು ಬಗೆ) ಹಾಕಿದರೆ ಸುಮಾರು 150 ಏರುತ್ತದೆ, ಒಮೆಗಾದಲ್ಲಿ ಮೂರೂ ಸ್ಟ್ರೇಂಜ್. ಕಟ್ಟಿದ ಕಥೆ ಸಿಗದ ಕಣದ ತೂಕ ಮೊದಲೇ ಹೇಳುವುದಿಲ್ಲ.

ಆಮೇಲೆ ನೇರವಾಗಿ ಇಣುಕಿದರು. ಕ್ಯಾಲಿಫೋರ್ನಿಯಾದ ಸ್ಲ್ಯಾಕ್‌ನಲ್ಲಿ ಮೂರು ಕಿಲೋಮೀಟರ್ ಉದ್ದದ ಯಂತ್ರ. ಎಲೆಕ್ಟ್ರಾನ್‌ಗಳನ್ನು 20 ಜಿಇವಿವರೆಗೆ (ಒಂದು ಜಿಇವಿ ಅಂದರೆ ಸಾವಿರ ಎಂಇವಿ) ಓಡಿಸಿ 1960ರ ದಶಕದ ಕೊನೆಯಲ್ಲಿ ಪ್ರೋಟಾನ್‌ಗೆ ಹೊಡೆದರು. ಪ್ರೋಟಾನ್ ಒಳಗೆ ಚಾರ್ಜ್ ಎಲ್ಲಾ ಕಡೆ ಸಮನಾಗಿ ಹರಡಿದ್ದರೆ ಎಲೆಕ್ಟ್ರಾನ್ ದೊಡ್ಡ ಕೋನಕ್ಕೆ ತಿರುಗುವುದು ತೀರಾ ಅಪರೂಪ ಆಗಬೇಕಿತ್ತು. ಆದರೆ ಅಂದುಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ ತಿರುಗಿ ಬಂದವು. ಒಳಗೆ ಗಟ್ಟಿಯಾದ, ಚುಕ್ಕೆಯಷ್ಟು ಚಿಕ್ಕದು ಏನೋ ಇದೆ ಅಂತಾಯ್ತು. ಫ್ರೀಡ್‌ಮನ್, ಕೆಂಡಾಲ್, ಟೇಲರ್ ಅವರಿಗೆ 1990ರ ನೊಬೆಲ್ ಬಂದದ್ದು ಇದಕ್ಕೆ. ಇನ್ನೊಂದು ವಿಷಯವೂ ಅಲ್ಲೇ ಗೊತ್ತಾಯ್ತು: ಕ್ವಾರ್ಕ್‌ಗಳ ಆವೇಗ ಕೂಡಿಸಿದರೆ ಪ್ರೋಟಾನ್‌ನ ಅರ್ಧದಷ್ಟು ಮಾತ್ರ ಬರುತ್ತದೆ. ಉಳಿದರ್ಧ ಎಲೆಕ್ಟ್ರಾನ್‌ಗೆ ಕಾಣದ ಯಾವುದೋ ಹೊತ್ತಿದೆ. ಅದು ಗ್ಲುವಾನ್.

1974ರ ನವೆಂಬರ್‌ನಲ್ಲಿ ಜೆ/ಸೈ ಕಣ ಸಿಕ್ಕಿತು, 3.1 ಜಿಇವಿ. ಟಿಂಗ್ ತಂಡ ಒಂದು ಕಡೆ, ರಿಕ್ಟರ್ ತಂಡ ಇನ್ನೊಂದು ಕಡೆ. ಅದು ಚಾರ್ಮ್ ಅನ್ನುವ ನಾಲ್ಕನೆಯ ಬಗೆ ಕ್ವಾರ್ಕ್ ಮತ್ತು ಅದರ ಆಂಟಿಕ್ವಾರ್ಕ್. ಅನುಮಾನ ಪಡುತ್ತಿದ್ದವರಲ್ಲಿ ಬಹಳ ಜನ ಅವತ್ತು ಸುಮ್ಮನಾದರು. ಆಮೇಲೆ ಬಾಟಮ್ ಕ್ವಾರ್ಕ್ 1977, ಟಾಪ್ ಕ್ವಾರ್ಕ್ 1995. ಟಾಪ್ ಹುಡುಕಿದ ಡಿ-ಝೀರೋ ತಂಡದಲ್ಲಿ ಮುಂಬೈಯ ನಮ್ಮ ಟಿಐಎಫ್‌ಆರ್‌ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನವರೂ ಇದ್ದರು.

ಹೊನ್ನಾವರ_ಬಂದರು · ಬೆಳಿಗ್ಗೆ 10:31

ಒಮೆಗಾ ಲೆಕ್ಕ ಮಾಡಿ ನೋಡಿದೆ. 1533ಕ್ಕೆ 148 ಸೇರಿಸಿದರೆ 1681. ಸರಿ, ಇದನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೆ ಹೊರಗೆ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಉತ್ತರ ಬಂದಿಲ್ಲ.

ಗೋಕರ್ಣ_ಗಾಳಿ · ಬೆಳಿಗ್ಗೆ 10:50

ತಮಾಷೆ ಬಿಟ್ಟು ಹೇಳ್ತೇನೆ. ಮೂರು ಕ್ವಾರ್ಕ್, ಮೂರು ಬಣ್ಣ. ನಮ್ಮ ಸಾಂಖ್ಯದಲ್ಲಿ ಸತ್ವ ರಜಸ್ ತಮಸ್, ಮೂರು ಗುಣ. ಮೂರೂ ಸಮ ಆದರೆ ಏನೂ ಕಾಣಿಸಿಕೊಳ್ಳುವುದಿಲ್ಲ. ಇದು ಕಾಕತಾಳೀಯ ಅನ್ನಿಸುತ್ತದಾ?

ಕೋಡಿಬಾಗ · ಬೆಳಿಗ್ಗೆ 11:25

ಸಾಂಖ್ಯ ನನಗೂ ಇಷ್ಟ, ಅದನ್ನು ಸಾಂಖ್ಯವಾಗಿಯೇ ಓದುತ್ತೇನೆ. ಭೌತಶಾಸ್ತ್ರದ 3 ಬಂದದ್ದು ಬೇರೆ ದಾರಿಯಲ್ಲಿ, ಅದನ್ನು ಅಳೆದಿದ್ದಾರೆ.

ಮೊದಲು ತೊಂದರೆ ಏನಿತ್ತು ಕೇಳು. ಡೆಲ್ಟಾ ಪ್ಲಸ್-ಪ್ಲಸ್ ಅಂತ ಒಂದು ಕಣ, ಮೂರೂ ಅಪ್ ಕ್ವಾರ್ಕ್, ಮೂರರ ಸ್ಪಿನ್ನೂ ಒಂದೇ ದಿಕ್ಕು. ಪೌಲಿ ನಿಯಮದ ಪ್ರಕಾರ (ಇಂಥ ಎರಡು ಕಣ ಎಲ್ಲ ಗುಣದಲ್ಲೂ ಒಂದೇ ಸ್ಥಿತಿಯಲ್ಲಿ ಕೂರುವಂತಿಲ್ಲ) ಹಾಗೆ ಇರುವಂತಿಲ್ಲ. ಒಮೆಗಾದಲ್ಲೂ ಅದೇ ಕಥೆ. 1964ರಲ್ಲಿ ಗ್ರೀನ್‌ಬರ್ಗ್, 1965ರಲ್ಲಿ ಹಾನ್ ಮತ್ತು ನಾಂಬು, ಕ್ವಾರ್ಕ್‌ಗೆ ಇನ್ನೊಂದು ಗುಣ ಇದೆ, ಅದರಲ್ಲಿ ಮೂರೂ ಬೇರೆ ಬೇರೆ ಅಂತ ದಾರಿ ತೋರಿಸಿದರು.

ನೀನು ಕೇಳಬಹುದು, ಇದೂ ತೇಪೆ ಹಚ್ಚಿದ್ದು ಅಲ್ವಾ ಅಂತ. ಅದಕ್ಕೆ ಪರೀಕ್ಷೆ ಇದೆ. ಎಲೆಕ್ಟ್ರಾನ್, ಪಾಸಿಟ್ರಾನ್ (ಪ್ಲಸ್ ಚಾರ್ಜ್ ಇರುವ ಆಂಟಿ-ಎಲೆಕ್ಟ್ರಾನ್) ಡಿಕ್ಕಿ ಹೊಡೆಸಿ. ಎಷ್ಟು ಸಲ ಕ್ವಾರ್ಕ್ ಜೋಡಿ ಹುಟ್ಟುತ್ತದೆ, ಎಷ್ಟು ಸಲ ಮ್ಯೂಯಾನ್ (ಎಲೆಕ್ಟ್ರಾನ್ ತರಹದ್ದೇ, ಭಾರ ಜಾಸ್ತಿ) ಜೋಡಿ, ಅನುಪಾತ ತೆಗೆಯಿರಿ. ಅದು ಕ್ವಾರ್ಕ್ ಚಾರ್ಜ್‌ಗಳ ವರ್ಗಗಳ ಮೊತ್ತ ಆಗಬೇಕು. ಅಪ್ 4/9, ಡೌನ್ 1/9, ಸ್ಟ್ರೇಂಜ್ 1/9, ಒಟ್ಟು 2/3. ಬಣ್ಣ ಮೂರಿದ್ದರೆ ಇದರ ಮೂರು ಪಟ್ಟು, ಅಂದರೆ 2. ಚಾರ್ಮ್ ಹುಟ್ಟುವುದಕ್ಕಿಂತ ಕೆಳಗಿನ ಶಕ್ತಿಯಲ್ಲಿ ಅಳೆದದ್ದು 2ರ ಆಸುಪಾಸು. ಎರಡು ಬಣ್ಣ ಇದ್ದರೆ 1.33, ನಾಲ್ಕಿದ್ದರೆ 2.67 ಬರಬೇಕಿತ್ತು. ಗುಣಗಳಿಂದ ಈ 2 ಅನ್ನು ಯಾರಾದರೂ ತೆಗೆದು ತೋರಿಸಿದರೆ ನಾನು ಗೋಕರ್ಣಕ್ಕೆ ಬಂದು ಕೇಳುತ್ತೇನೆ.

ಹೊನ್ನಾವರದವರಿಗೂ ಸಂತೋಷವಾಗಬೇಕು, 2/3 ಚಾರ್ಜ್ ಇಲ್ಲಿ ಸಿಕ್ಕಿಬಿತ್ತು.

ಗೋಕರ್ಣ_ಗಾಳಿ · ಬೆಳಿಗ್ಗೆ 11:31

ಬನ್ನಿ, ಊಟ ನಮ್ಮ ಮನೆಯಲ್ಲೇ. ಲೆಕ್ಕ ಮಾತ್ರ ನಿಮ್ಮದು.

ಯಲ್ಲಾಪುರ_ಟು_ಮುಂಬೈ · ಮಧ್ಯಾಹ್ನ 2:10

ಹೊರಗೆ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಬರುತ್ತೇನೆ.

ವಿದ್ಯುತ್ ಬಲವನ್ನು ಹೊರುವ ಫೋಟಾನ್‌ಗೆ ಸ್ವತಃ ಚಾರ್ಜ್ ಇಲ್ಲ. ಬಣ್ಣದ ಬಲ ಹೊರುವ ಗ್ಲುವಾನ್ ಎಂಟು ಬಗೆ, ಎಲ್ಲಕ್ಕೂ ಬಣ್ಣ ಇದೆ. ಅವು ತಮ್ಮತಮ್ಮಲ್ಲೇ ಎಳೆದಾಡುತ್ತವೆ. ಇದೊಂದೇ ವ್ಯತ್ಯಾಸ ಎಲ್ಲವನ್ನೂ ಬದಲಿಸುತ್ತದೆ. ಕ್ವಾಂಟಮ್ ಕ್ರೋಮೋಡೈನಾಮಿಕ್ಸ್, ಕ್ಯೂಸಿಡಿ, ಅಂದರೆ ಇದೇ. 1973ರಲ್ಲಿ ಗ್ರಾಸ್, ವಿಲ್ಚೆಕ್ ಒಂದು ಕಡೆ, ಪೊಲಿಟ್ಜರ್ ಇನ್ನೊಂದು ಕಡೆ ಲೆಕ್ಕ ಹಾಕಿದರು: ಕ್ವಾರ್ಕ್‌ಗಳು ಹತ್ತಿರ ಬಂದಷ್ಟೂ ಬಲ ದುರ್ಬಲ, ದೂರ ಹೋದಷ್ಟೂ ಗಟ್ಟಿ. 2004ರ ನೊಬೆಲ್. 91 ಜಿಇವಿಯಲ್ಲಿ ಈ ಬಲದ ಅಂಕಿ 0.118. ಒಂದು ಜಿಇವಿ ಹತ್ತಿರಕ್ಕೆ ಇಳಿದರೆ ಅದೇ ಅಂಕಿ ಮೂರು ನಾಲ್ಕು ಪಟ್ಟು. ಸ್ಲ್ಯಾಕ್ ಪ್ರಯೋಗದಲ್ಲಿ ಕ್ವಾರ್ಕ್ ಬಿಡಿ ಕಣದ ಹಾಗೆ ಕಂಡದ್ದೂ, ಹೊರಗೆ ಬಾರದೇ ಇದ್ದದ್ದೂ ಒಂದೇ ಸಿದ್ಧಾಂತದಲ್ಲಿ ಕೂತಿತು.

ಎರಡು ಕ್ವಾರ್ಕ್ ದೂರ ಎಳೆದರೆ ನಡುವಿನ ಗ್ಲುವಾನ್ ಕ್ಷೇತ್ರ ಎಲ್ಲ ಕಡೆ ಹರಡದೆ ಸಪೂರ ಕೊಳವೆಯಾಗಿ ನಿಲ್ಲುತ್ತದೆ. ಎಳೆತ ದೂರದ ಜೊತೆ ಕಡಿಮೆ ಆಗುವುದಿಲ್ಲ, ಅಷ್ಟೇ ಇರುತ್ತದೆ. ಎಷ್ಟು? ಒಂದು ಫೆಮ್ಟೋಮೀಟರ್‌ಗೆ ಸುಮಾರು ಒಂದು ಜಿಇವಿ. ನಮ್ಮ ಅಳತೆಗೆ ತಂದರೆ 16 ಟನ್ ತೂಕದ ಎಳೆತ. ಅರಬೈಲ್ ಘಾಟಿ ಏರುವ ಲೋಡ್ ಲಾರಿಯನ್ನು ನೇತುಹಾಕಿದ ಹಾಗೆ, ಅದೂ ಎರಡು ಕ್ವಾರ್ಕ್ ನಡುವೆ. ಇನ್ನೂ ಎಳೆದರೆ ಕೊಳವೆಯಲ್ಲಿ ತುಂಬಿದ ಶಕ್ತಿಯಿಂದ ಹೊಸ ಕ್ವಾರ್ಕ್-ಆಂಟಿಕ್ವಾರ್ಕ್ ಜೋಡಿ ಹುಟ್ಟಿ ಕೊಳವೆ ತುಂಡಾಗುತ್ತದೆ. ಕೈಗೆ ಒಂಟಿ ಕ್ವಾರ್ಕ್ ಬದಲು ಇನ್ನೊಂದು ಮೆಸಾನ್ (ಪೈಯಾನ್ ತರಹದ ಕ್ವಾರ್ಕ್-ಆಂಟಿಕ್ವಾರ್ಕ್ ಜೋಡಿ) ಬರುತ್ತದೆ. ಕೊಲೈಡರ್‌ನಲ್ಲಿ ಕಾಣುವ ಕಣಗಳ ಜೆಟ್ ಇದೇ. 1979ರಲ್ಲಿ ಹ್ಯಾಂಬರ್ಗ್‌ನ ಡೆಸಿಯಲ್ಲಿ ಎರಡರ ಬದಲು ಮೂರು ಜೆಟ್ ಕಂಡವು. ಮೂರನೆಯದು ಗ್ಲುವಾನ್‌ನದು.

ಈಗ ನನಗೆ ಮುಖ್ಯ ಅನ್ನಿಸುವ ಮಾತು. ಶಿರಸಿಯವನ ಗೊಂದಲಕ್ಕೆ ಕಾರಣ ಪುಸ್ತಕಗಳು ಎರಡು ಬೇರೆ ವಿಷಯಗಳನ್ನು ಒಂದೇ ಪುಟದಲ್ಲಿ ಕಲಸಿಡುವುದು. ಕ್ವಾರ್ಕ್ ಮಾದರಿ ಒಂದು. ಕ್ಯೂಸಿಡಿ ಇನ್ನೊಂದು.

ಮಾದರಿಯಲ್ಲಿ ಪ್ರೋಟಾನ್ ಅಂದರೆ ಮೂರೇ ಕ್ವಾರ್ಕ್, ಒಂದೊಂದೂ 330 ಎಂಇವಿ ಹತ್ತಿರ. ಗಮನಿಸಿ, 2.2 ಅಲ್ಲ. ಈ ಲೆಕ್ಕದಲ್ಲಿ ತೂಕ ತಾನಾಗಿ ಕೂಡುತ್ತದೆ, ಯಾಕೆಂದರೆ ಗ್ಲುವಾನ್ ಗದ್ದಲವನ್ನೆಲ್ಲ ಕ್ವಾರ್ಕ್‌ನ ತೂಕಕ್ಕೇ ಸೇರಿಸಿದ್ದಾರೆ. ಕ್ಯೂಸಿಡಿಯಲ್ಲಿ 2.2 ಅನ್ನುವುದು ಕ್ವಾರ್ಕ್‌ನ ಬರಿ ತೂಕ, ಸುತ್ತ ಲೆಕ್ಕವಿಲ್ಲದಷ್ಟು ಗ್ಲುವಾನ್, ಹುಟ್ಟಿ ಸಾಯುವ ಜೋಡಿಗಳು. "ಮೂರು" ಅಂದರೆ ಕ್ವಾರ್ಕ್‌ಗಳಿಂದ ಆಂಟಿಕ್ವಾರ್ಕ್‌ಗಳನ್ನು ಕಳೆದರೆ ಉಳಿಯುವ ಸಂಖ್ಯೆ. ಮಾದರಿಯ ಚಿತ್ರ ಹಾಕಿ ಕ್ಯೂಸಿಡಿಯ ತೂಕ ಬರೆದರೆ ಯಾರಿಗೂ ಲೆಕ್ಕ ಕೂಡುವುದಿಲ್ಲ.

ಮಾದರಿ ಕೆಲವು ಕಡೆ ಆಶ್ಚರ್ಯ ಆಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ನ್ಯೂಟ್ರಾನ್, ಪ್ರೋಟಾನ್ ಕಾಂತೀಯ ಮೊಮೆಂಟ್‌ಗಳ (ಪುಟ್ಟ ಅಯಸ್ಕಾಂತವಾಗಿ ಅವುಗಳ ಬಲ) ಅನುಪಾತ −2/3 ಅನ್ನುತ್ತದೆ. ಅಳೆದದ್ದು −0.685. ಇಷ್ಟು ಒರಟು ಚಿತ್ರಕ್ಕೆ ಇಷ್ಟು ಹತ್ತಿರ ಬರುವ ಹಕ್ಕೇ ಇಲ್ಲ! ಆದರೆ ಸ್ಪಿನ್ ಕೇಳಿದರೆ ಮುಗ್ಗರಿಸುತ್ತದೆ. ಮೂರು ಕ್ವಾರ್ಕ್‌ಗಳ ಸ್ಪಿನ್ ಕೂಡಿದರೆ ಪ್ರೋಟಾನ್ ಸ್ಪಿನ್ ಬರಬೇಕಿತ್ತು. 1980ರ ದಶಕದ ಕೊನೆಯಲ್ಲಿ ಸರ್ನ್‌ನ ಇಎಂಸಿ ಪ್ರಯೋಗ ಅಳೆದಾಗ ಕ್ವಾರ್ಕ್‌ಗಳ ಪಾಲು ತೀರಾ ಚಿಕ್ಕದು ಅಂತ ಕಂಡಿತು. ಈಗಿನ ಅಂದಾಜು ಮೂರರಲ್ಲಿ ಒಂದು ಪಾಲಿನ ಆಸುಪಾಸು. ಉಳಿದದ್ದು ಗ್ಲುವಾನ್‌ಗಳ ಸ್ಪಿನ್, ಒಳಗಿನ ಸುತ್ತಾಟ. ಪಾಲು ಹಂಚುವ ಕೆಲಸ ಇನ್ನೂ ನಡೆಯುತ್ತಿದೆ.

ಶಿರಸಿ_ಬಿಎಸ್ಸಿ · ಮಧ್ಯಾಹ್ನ 3:02

ಕರೆಂಟ್ ಬಂತು, ಎಲ್ಲಾ ಒಟ್ಟಿಗೆ ಓದಿದೆ. 330 ಮತ್ತು 2.2 ಎರಡೂ ಬೇರೆ ಬೇರೆ ಚಿತ್ರದ ಅಂಕಿ ಅಂತ ನಮ್ಮ ನೋಟ್ಸಿನಲ್ಲಿ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಎರಡು ಪ್ರಶ್ನೆ. ಒಂದು, 938 ಅನ್ನು ಕ್ಯೂಸಿಡಿಯಿಂದ ನಿಜವಾಗಿ ಯಾರಾದರೂ ಲೆಕ್ಕ ಹಾಕಿದ್ದಾರಾ? ಎರಡು, ಎಲ್ಲದಕ್ಕೂ ತೂಕ ಕೊಡುವುದು ಹಿಗ್ಸ್ ಕ್ಷೇತ್ರ (2012ರಲ್ಲಿ ಅದರ ಕಣ ಸಿಕ್ಕಿತಲ್ಲ) ಅಂತಾರಲ್ಲ, ಅದು ಎಲ್ಲಿ ಹೋಯ್ತು?

ಯಲ್ಲಾಪುರ_ಟು_ಮುಂಬೈ · ಸಂಜೆ 4:20

ಹಾಕಿದ್ದಾರೆ, ಕಾಗದದ ಮೇಲಲ್ಲ. 1974ರಲ್ಲಿ ಕೆನೆತ್ ವಿಲ್ಸನ್ ದೇಶ-ಕಾಲವನ್ನು ಚೌಕಚೌಕ ಜಾಲರಿಯಾಗಿ ಮಾಡಿ ಕಂಪ್ಯೂಟರ್‌ಗೆ ಕೊಡುವ ದಾರಿ ಹಾಕಿಕೊಟ್ಟ. ಲ್ಯಾಟಿಸ್ ಕ್ಯೂಸಿಡಿ. ಕಂಪ್ಯೂಟರ್‌ಗಳು ಅದಕ್ಕೆ ತಕ್ಕಷ್ಟು ಬೆಳೆಯಲು ಮೂರು ದಶಕ ಬೇಕಾಯ್ತು. 2008ರಲ್ಲಿ ಯುರೋಪಿನ ಒಂದು ತಂಡ ಪ್ರೋಟಾನ್ ಸೇರಿ ಹಲವು ಕಣಗಳ ತೂಕವನ್ನು ಕೆಲವೇ ಶೇಕಡಾ ವ್ಯತ್ಯಾಸದಲ್ಲಿ ತೆಗೆದು ತೋರಿಸಿತು. ಹೊರಗಿನಿಂದ ಕೊಟ್ಟದ್ದು ಎರಡು ಕ್ವಾರ್ಕ್ ತೂಕ, ಒಂದು ಅಳತೆಗೋಲು, ಅಷ್ಟೇ. ಟಿಐಎಫ್‌ಆರ್‌ನಲ್ಲೂ ಲ್ಯಾಟಿಸ್ ಗುಂಪು ಇದೆ, ಎಂಎಸ್ಸಿ ಆದ ಮೇಲೆ ಆ ಕಡೆ ನೋಡು.

ಆದರೆ ಕಂಪ್ಯೂಟರ್ ಹೇಳಿತು ಅನ್ನುವುದು ಬೇರೆ, ಗಣಿತದಲ್ಲಿ ಸಾಧಿಸಿದೆವು ಅನ್ನುವುದು ಬೇರೆ. ತೂಕವೇ ಇಲ್ಲದ ಗ್ಲುವಾನ್‌ಗಳ ಸಿದ್ಧಾಂತದಿಂದ ತೂಕವಿರುವ ಕಣಗಳೇ ಯಾಕೆ ಬರುತ್ತವೆ ಅನ್ನುವುದಕ್ಕೆ ಪಕ್ಕಾ ಸಾಧನೆ ಇನ್ನೂ ಇಲ್ಲ. ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಇಟ್ಟ ಹತ್ತು ಲಕ್ಷ ಡಾಲರ್ ಬಹುಮಾನಗಳಲ್ಲಿ ಇದೂ ಒಂದು.

ಕೋಡಿಬಾಗ · ಸಂಜೆ 5:05

ಹಿಗ್ಸ್ ವಿಚಾರ ನಾನು ಹೇಳುತ್ತೇನೆ, 2012ರಿಂದ ಇದನ್ನು ಕೇಳಿ ಕೇಳಿ ಸಾಕಾಗಿದೆ. ಹಿಗ್ಸ್ ಕೊಡುವುದು ಆ 2.2, 4.7, ಎಲೆಕ್ಟ್ರಾನ್ ತೂಕ, ಇಂಥವು. 60 ಕೆಜಿ ಮನುಷ್ಯನಲ್ಲಿ ಈ ಕ್ವಾರ್ಕ್ ತೂಕಗಳ ಮೊತ್ತ ಆರೇಳು ನೂರು ಗ್ರಾಂ. ಉಳಿದ 59 ಕೆಜಿ ಚಿಲ್ಲರೆ ಕ್ಯೂಸಿಡಿ ಕೊಟ್ಟದ್ದು. ಅಪ್, ಡೌನ್ ತೂಕ ಸೊನ್ನೆ ಮಾಡಿದರೂ ಪ್ರೋಟಾನ್ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ಉಳಿಯುತ್ತದೆ.

ಹಾಗಂತ ಆ ಚಿಲ್ಲರೆ ಬೇಡ ಅನ್ನಬೇಡಿ. ಡೌನ್ ಅಪ್‌ಗಿಂತ ಭಾರ ಇರುವುದರಿಂದಲೇ ನ್ಯೂಟ್ರಾನ್ ಪ್ರೋಟಾನ್‌ಗಿಂತ 1.3 ಎಂಇವಿ ಭಾರ. ಎರಡೂ ಸಮ ಇದ್ದಿದ್ದರೆ, ಚಾರ್ಜ್ ಇರುವ ಪ್ರೋಟಾನ್‌ನದೇ ತೂಕ ಮೇಲಾಗುತ್ತಿತ್ತು. ಪ್ರೋಟಾನ್ ನ್ಯೂಟ್ರಾನ್ ಆಗಿ ಕರಗಿ ಹೈಡ್ರೋಜನ್ ಉಳಿಯುತ್ತಿರಲಿಲ್ಲ. ನೀರಿಲ್ಲ, ಕಾಳಿ ನದಿಯೂ ಇಲ್ಲ, ಕೈಗಾಕ್ಕೆ ತಂಪು ಮಾಡಲು ಏನೂ ಇಲ್ಲ.

ಕುಮಟಾ_ಪ್ಯಾಸೆಂಜರ್ · ರಾತ್ರಿ 8:15

ಪ್ರೋಟಾನ್ ಕರಗುವ ಮಾತು ಬಂತು ಅಂತ ಹೇಳುತ್ತೇನೆ. ಅದನ್ನು ಹುಡುಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಮೊದಲು ಕಂಡ ಜಾಗಗಳಲ್ಲಿ ಅದೂ ಒಂದು. 1980ರ ದಶಕದಲ್ಲಿ ಎರಡು ಕಿಲೋಮೀಟರ್‌ಗೂ ಆಳದಲ್ಲಿ ಪ್ರೋಟಾನ್ ಸಾಯುತ್ತದಾ ಅಂತ ಕಾದು ಕೂತರು. ಅನುಮಾನ ಹುಟ್ಟಿಸುವ ಕೆಲವು ಗುರುತು ಸಿಕ್ಕವು, ಬೇರೆಯವರ ಪ್ರಯೋಗಗಳು ಒಪ್ಪಲಿಲ್ಲ. ಈಗ ಜಪಾನಿನ ಪ್ರಯೋಗದ ಲೆಕ್ಕದಲ್ಲಿ ಪ್ರೋಟಾನ್ ಆಯಸ್ಸು 10ರ ಘಾತ 34 ವರ್ಷಕ್ಕಿಂತ ಜಾಸ್ತಿ. ಕನ್ನಡ ನಾಡಿನಲ್ಲಿ ಇಂಥ ಕೆಲಸ ಆಯ್ತು ಅಂತ ಎಷ್ಟು ಪಠ್ಯದಲ್ಲಿದೆ ಹೇಳಿ.

ಶಿರಸಿ_ಬಿಎಸ್ಸಿ · ರಾತ್ರಿ 8:40

ಗೊತ್ತೇ ಇರಲಿಲ್ಲ. ನಮ್ಮ ಹತ್ತಿರ ಗಣಿಯೂ ಇಲ್ಲ, ಕೊಲೈಡರೂ ಇಲ್ಲ. ಕ್ವಾರ್ಕ್‌ಗೆ ಸಂಬಂಧಪಟ್ಟದ್ದು ಏನಾದರೂ ಕಣ್ಣಾರೆ ನೋಡಲು ಸಾಧ್ಯನಾ? ಪ್ರಾಜೆಕ್ಟ್ ಕೊಡಬೇಕು.

ಕೋಡಿಬಾಗ · ರಾತ್ರಿ 9:10

ಕ್ಲೌಡ್ ಚೇಂಬರ್ ಮಾಡು, ಕಣ ಹಾದ ದಾರಿ ಮಂಜಿನ ಗೆರೆಯಾಗಿ ಕಾಣುವ ಪೆಟ್ಟಿಗೆ. ಕಾಸ್ಮಿಕ್ ಕಿರಣ ಆಕಾಶದಲ್ಲಿ ಗಾಳಿಗೆ ಬಡಿದಾಗ ಪೈಯಾನ್ ಹುಟ್ಟುತ್ತವೆ. ಕ್ವಾರ್ಕ್, ಆಂಟಿಕ್ವಾರ್ಕ್ ಜೋಡಿ. ಸೆಕೆಂಡನ್ನು ಹತ್ತು ಕೋಟಿ ಭಾಗ ಮಾಡಿದರೆ ಅದರಲ್ಲಿ ಎರಡು ಮೂರು ಪಾಲು ಬದುಕಿ ಮ್ಯೂಯಾನ್ ಆಗುತ್ತವೆ. ಆ ಮ್ಯೂಯಾನ್ ಕೆಳಗೆ ಬರುತ್ತದೆ. ಕಾರವಾರದ ಬೀಚಿನಲ್ಲಿ ಅಂಗೈ ಚಾಚಿದರೆ ಪ್ರತಿ ಚದರ ಸೆಂಟಿಮೀಟರ್‌ಗೆ ನಿಮಿಷಕ್ಕೆ ಸುಮಾರು ಒಂದು. ಗಾಜಿನ ಪೆಟ್ಟಿಗೆ, ಐಸೋಪ್ರೊಪೈಲ್ ಆಲ್ಕೋಹಾಲ್, ತಳಕ್ಕೆ ಕಪ್ಪು ಲೋಹದ ತಟ್ಟೆ, ಅದರಡಿ ಡ್ರೈ ಐಸ್ (ಹೆಪ್ಪುಗಟ್ಟಿದ ಕಾರ್ಬನ್ ಡೈಆಕ್ಸೈಡ್), ಪಕ್ಕದಿಂದ ಟಾರ್ಚ್. ನೇರವಾದ ತೆಳು ಗೆರೆ ಕಂಡರೆ ಮ್ಯೂಯಾನ್ ಇರುವ ಸಾಧ್ಯತೆ ಜಾಸ್ತಿ. ದಪ್ಪ, ಗಿಡ್ಡ ಗೆರೆ ಅಂದರೆ ಗಾಳಿಯಲ್ಲಿರುವ ರೇಡಾನ್‌ನ ಆಲ್ಫಾ.

ಶಿರಸಿ_ಬಿಎಸ್ಸಿ · ರಾತ್ರಿ 9:18

ಡ್ರೈ ಐಸ್ ಎಲ್ಲಿ ಸಿಗುತ್ತೆ? ಶಿರಸಿಯಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲಿ ಕೇಳಿದರೆ ನಗ್ತಾರೆ.

ಹೊನ್ನಾವರ_ಬಂದರು · ರಾತ್ರಿ 9:26

ಬಂದರಿನಲ್ಲಿ ಸಿಗುವುದು ಮೀನಿಗೆ ಹಾಕುವ ಸಾದಾ ಐಸ್, ಅದು ಸಾಲದು ಅಲ್ವಾ? ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಕೇಳಬೇಕು. ಬಸ್ಸಿನಲ್ಲಿ ತರುವುದಾದರೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಬೇಡ, ಗ್ಯಾಸ್ ತುಂಬಿ ಸಿಡಿಯುತ್ತದೆ. ಥರ್ಮೋಕೋಲ್ ಪೆಟ್ಟಿಗೆ ಸಾಕು.

ಮಲ್ಲಾಪುರದವ · ರಾತ್ರಿ 9:44

ಡ್ರೈ ಐಸ್ ಬಿಡು. ಪೆಲ್ಟಿಯರ್ ಮಾಡ್ಯೂಲ್ (ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗಾಗುವ ಬಿಲ್ಲೆ) ಆನ್‌ಲೈನ್‌ನಲ್ಲಿ ಸಿಗುತ್ತದೆ, ಎರಡನ್ನು ಒಂದರ ಮೇಲೊಂದು ಕೂರಿಸಿ ಕೆಳಗೆ ಹಳೇ ಕಂಪ್ಯೂಟರ್‌ನ ಹೀಟ್ ಸಿಂಕ್, ಫ್ಯಾನ್ ಹಾಕು. ಮೇಲಿನ ತಟ್ಟೆ ಮೈನಸ್ 25ಕ್ಕೆ ಇಳಿದರೆ ಕೆಲಸ ಆಗುತ್ತದೆ. ಪವರ್ ಸಪ್ಲೈ ಗಟ್ಟಿ ಇರಲಿ. ಈ ಮಳೆಯಲ್ಲಿ ಗಾಜಿನ ಹೊರಗೆ ತೇವ ಕಟ್ಟುತ್ತದೆ, ಒರೆಸಲು ಬಟ್ಟೆ ಹತ್ತಿರ ಇಟ್ಟುಕೋ. ನನ್ನ ಹತ್ತಿರ ಎರಡು ಹೀಟ್ ಸಿಂಕ್ ಬಿದ್ದಿವೆ, ಬೇಕಾದರೆ ಮೆಸೇಜ್ ಮಾಡು, ಶಿರಸಿ ಬಸ್ಸಿನಲ್ಲಿ ಕಳಿಸುತ್ತೇನೆ.

ಶಿರಸಿ_ಬಿಎಸ್ಸಿ · ರಾತ್ರಿ 9:47

ಮಾಡಿದೆ ಸರ್. ಆದರೆ ಅರ್ಧ ಗಂಟೆ ಕರೆಂಟ್ ಹೋಗದೆ ಇರುವ ಗ್ಯಾರಂಟಿ ಇಲ್ಲಿ ಯಾರು ಕೊಡ್ತಾರೆ?

ಗೋಕರ್ಣ_ಗಾಳಿ · ರಾತ್ರಿ 9:49

ಕೈಗಾದವರನ್ನೇ ಕೇಳು, ಲೈನಿನಲ್ಲೇ ಇದ್ದಾರಲ್ಲ 😀